ಗುರುವಾರ ನಾಲ್ಕು ಗಂಟೆ

ಮಂಗಳೂರು
೧೧ ಫೆಬ್ರವರಿ ೧೯೩೮, ಶುಕ್ರವಾರ

ಇಸಿದೋರ್,

ಮೂರು ವರ್ಷದ ಮೇಲೆ ನಿನಗೆ ಕಾಗದ ಬರೆಯುತ್ತಿದ್ದೇನೆ. ರೈಲು ನಿಲ್ದಾಣದಲ್ಲಿ ನಾನು ಆಡಿದ ಮಾತು ನೀನು ಮರೆತಿರಲಾರೆ. ನನ್ನ ತಮ್ಮನನ್ನು ಮಣ್ಣಿನಡಿಗೆ ಕರೆದುಕೊಂಡು ಹೋಗುತ್ತಿದ್ದೀಯ, ಇನ್ನು ನಿನ್ನ ಮುಖ ನೋಡುವುದಿಲ್ಲ ಎಂದಿದ್ದೆ. ಆ ಮಾತನ್ನು ಇವತ್ತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಮಂಗಳವಾರ ಸಂಜೆ ಮದ್ರಾಸಿನಿಂದ ನಮ್ಮ ಪ್ರೆಸ್ಸಿಗೆ ಸುದ್ದಿ ಬಂತು. ಝರಿಯಾ ಸೀಮೆಯ ಭೈರೋಡೀಹ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟ, ಐವತ್ತಕ್ಕೂ ಹೆಚ್ಚು ಸಾವು ಎಂದು. ನಾನು ಪ್ರೂಫು ತಿದ್ದುತ್ತಾ ಕೂತಿದ್ದೆ. ಅದನ್ನು ಒಂದು ಸಲ ಓದಿ, ತಲೆಬರಹ ಎಷ್ಟು ಕಾಲಮ್ಮಿಗೆ ಇಡಬೇಕು ಎಂದು ಯೋಚಿಸಿದೆ. ಇನ್ನೊಮ್ಮೆ ಓದುವಾಗ ಅದು ತಮ್ಮ ನೋಣಯ್ಯ ಕೆಲಸ ಮಾಡುವ ಗಣಿ ಎಂದು ಹೊಳೆಯಿತು. ಇಪ್ಪತ್ತು ವರ್ಷ ಪೇಪರಿನ ಕೆಲಸ ಮಾಡಿದರೆ ಮನುಷ್ಯ ಹೀಗಾಗುತ್ತಾನೆ ಎಂದು ಕಾಣುತ್ತದೆ.

ಬುಧವಾರ ಗಣಿಯ ಮ್ಯಾನೇಜರರಿಗೆ ತಂತಿ ಕೊಟ್ಟೆ. ನಿನ್ನೆ ಮಧ್ಯಾಹ್ನ ಮರುತಂತಿ ಬಂತು: ನೋಣಯ್ಯ ಫಿಟ್ಟರ್ ಸೇಫ್. ಕಾರ್‌ಸ್ಟ್ರೀಟಿನಿಂದ ನಂತೂರಿನ ಗುಡ್ಡೆಯವರೆಗೆ ನಾನು ಎಲ್ಲಿಯೂ ನಿಲ್ಲದೆ ನಡೆದೆ. ಅಮ್ಮ ಅಂಗಳದಲ್ಲಿ ಭತ್ತ ಹರಡುತ್ತಿದ್ದರು. ನೋಣಯ್ಯನ ಹೆಂಡತಿ ಕುಶಲಾ ನನ್ನ ಕೈಯಿಂದ ಕಾಗದ ಕಸಿದುಕೊಂಡು ತಾನೇ ಓದಿದಳು. ಮಿಶನ್ ಶಾಲೆಯಲ್ಲಿ ಎಂಟನೆಯವರೆಗೆ ಕಲಿತವಳು.

"ಸೇಫ್ ಅಂದ್ರೆ ಎಂತ? ಪೆಟ್ಟು ಆಗಿದೆಯಾ ಹೇಗೆ?" ಎಂದು ಅಮ್ಮ ಕೇಳಿದರು.

"ಎಂತ ಆಗಲಿಲ್ಲ ಅತ್ತೆ. ಸರಿ ಇದ್ದಾರೆ ಅಂತ," ಎಂದಳು ಕುಶಲಾ. ಅಮ್ಮ ಭತ್ತದ ಮೇಲೆಯೇ ಕೂತುಬಿಟ್ಟರು.

ನಮ್ಮ ವಾರಪತ್ರಿಕೆ ಗುರುವಾರ ಅಚ್ಚಿಗೆ ಹೋಗುತ್ತದೆ. ಮುಖಪುಟದಲ್ಲಿಯೇ ಹಾಕಿದೆ: 'ಗಣಿ ಅನಾಹುತ: ನಮ್ಮೂರ ನೋಣಯ್ಯ ಸುರಕ್ಷಿತ'. ಒಡೆಯರಾದ ಬಾಸಿಲ್ ಬಾಬ್ ತಾವೇ ನಿಂತು ದೊಡ್ಡ ಅಚ್ಚುಮೊಳೆ ತೆಗೆಸಿಕೊಟ್ಟರು. ಹಂಪನಕಟ್ಟೆಯಲ್ಲಿ ಇವತ್ತು ಹನ್ನೊಂದು ಗಂಟೆಗೇ ಪ್ರತಿ ಮುಗಿದಿತ್ತು.

ಅವನ ಕೈಯಲ್ಲಿ ಎರಡು ಸಾಲು ಬರೆಸಿ ಕಳಿಸು. ಅಮ್ಮನಿಗೆ ತಂತಿಯ ಅಕ್ಷರ ಸಾಲುವುದಿಲ್ಲ.

ನಿನ್ನ ಹಳೆಯ ಸ್ನೇಹಿತ
ಮಾಯಿಲಪ್ಪ


ಭೈರೋಡೀಹ್
೧೨ ಫೆಬ್ರವರಿ ೧೯೩೮

ಪ್ರಿಯ ಮಾಯಿಲಪ್ಪ,

ನಿಮಗೆ ಇಲ್ಲಿಂದ ಒಂದು ತಂತಿ ಬಂದಿರಬಹುದು. ಅದನ್ನು ನಂಬಬೇಡ.

ಇದಕ್ಕಿಂತ ಬೇರೆ ರೀತಿಯಲ್ಲಿ ಶುರು ಮಾಡಲು ನೋಡಿದೆ, ನನ್ನಿಂದ ಆಗಲಿಲ್ಲ. ನೋಣಯ್ಯ ಮೇಲೆ ಬರಲಿಲ್ಲ.

ನನ್ನ ಕೆಲಸ ಎಂತದು ಎಂದು ನಿನಗೆ ಸರಿಯಾಗಿ ಹೇಳಿರಲಿಲ್ಲ. ಗಣಿಯೊಳಗೆ ಇಳಿಯುವ ಪಿಟ್ಟಿನ ಬಾಯಿಯ ಹತ್ತಿರ ದೀಪದ ಕೋಣೆ ಉಂಟು. ಕೆಳಗೆ ಇಳಿಯುವ ಪ್ರತಿಯೊಬ್ಬನೂ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ನನಗೆ ಕೊಟ್ಟು ದೀಪ ತೆಗೆದುಕೊಂಡು ಹೋಗುತ್ತಾನೆ. ಬಿಲ್ಲೆಯನ್ನು ನಾನು ಮೊಳೆಗೆ ಹಾಕುತ್ತೇನೆ. ಮೇಲೆ ಬಂದವನು ದೀಪ ಕೊಟ್ಟು ಬಿಲ್ಲೆ ತೆಗೆದುಕೊಳ್ಳುತ್ತಾನೆ. ಮೊಳೆಯಲ್ಲಿ ಎಷ್ಟು ಬಿಲ್ಲೆ ಉಂಟೋ ಅಷ್ಟು ಜನ ಕೆಳಗೆ ಇದ್ದಾರೆ ಎಂದು ಅರ್ಥ. ಸೋಮವಾರ ಬೆಳಿಗ್ಗೆ ನಾನು ಎಂಬತ್ತು ದೀಪ ಕೊಟ್ಟೆ. ಹತ್ತು ಗಂಟೆಗೆ ನೆಲ ನಡುಗಿತು. ಗಣಿಗೆ ಗಾಳಿ ಹಾಯಿಸುವ ಫ್ಯಾನ್ ಮನೆಯ ಮಾಡು ತಗಡು ಸಹಿತ ಹಾರಿಹೋಯಿತು. ಪಿಟ್ಟಿನ ಬಾಯಿಂದ ಬಂದ ಹೊಗೆ ಕಪ್ಪಲ್ಲ, ಹಳದಿ.

ಸುತ್ತಲಿನ ಗಣಿಗಳಿಂದ ಜನ ಓಡಿಬಂದರು. ವಿಷಗಾಳಿಯಲ್ಲಿ ಹೋಗಲು ಬೇಕಾದ ಉಸಿರಿನ ಯಂತ್ರ ಇಡೀ ಸೀಮೆಗೆ ನಾಲ್ಕು. ಅದರಲ್ಲಿ ಎರಡು ಸೋರುತ್ತಿದ್ದವು. ಉಳಿದವರು ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಪಂಜರದಲ್ಲಿ ಮುನಿಯಾ ಹಕ್ಕಿ ಹಿಡಿದುಕೊಂಡು ಇಳಿದರು. ಹಕ್ಕಿ ಬಿದ್ದರೆ ಹಿಂದೆ ಬರಬೇಕು. ಮೊದಲ ದಿನ ಒಂಬತ್ತು ಜನರನ್ನು ಜೀವಸಹಿತ ತಂದರು. ಮಂಗಳವಾರ ಇಪ್ಪತ್ತು ಹೆಣ ಬಂತು. ಹೆಂಗಸರು ಪೊಲೀಸರ ಹಗ್ಗದ ಆಚೆ ನಿಂತಿದ್ದರು. ಜನರನ್ನು ಇಳಿಸಿ ಏರಿಸುವ ತೊಟ್ಟಿಲು ಪ್ರತಿ ಸಲ ಮೇಲೆ ಬಂದಾಗ ಎಲ್ಲರೂ ಒಂದು ಹೆಜ್ಜೆ ಮುಂದೆ ಬರುತ್ತಿದ್ದರು.

ಬುಧವಾರ ಒಬ್ಬ ಜಮಾದಾರ ಮೇಲೆ ಬಂದವನೇ ನೆಲಕ್ಕೆ ಕೂತು ಹೇಳಿದ: ದೂರದ ಸೆಕ್ಷನ್ನಿಗೆ ಗಾಳಿ ಒತ್ತುವ ಕಬ್ಬಿಣದ ಪೈಪ್ ಉಂಟಲ್ಲ, ಅದರಲ್ಲಿ ಬಡಿದ ಸದ್ದು ಕೇಳಿತು, ತಾನು ಮೂರು ಸಲ ಬಡಿದೆ, ಆಚೆಯಿಂದ ಉತ್ತರ ಬಂತು ಎಂದು. ಅಲ್ಲಿ ಯಾರು ಇರಬಹುದು ಎಂದು ನನಗೆ ಗೊತ್ತಿತ್ತು. ಆ ಸೆಕ್ಷನ್ನಿನಲ್ಲಿ ಗ್ಯಾಸ್ ಹೆಚ್ಚು ಎಂದು ಸರಕಾರದ ಇನ್ಸ್‌ಪೆಕ್ಟರು ಡಿಸೆಂಬರಿನಲ್ಲಿಯೇ ಕೆಲಸ ನಿಲ್ಲಿಸಿದ್ದರು. ಕಂಪೆನಿ ನಿಲ್ಲಿಸಿರಲಿಲ್ಲ. ಸೋಮವಾರ ಹತ್ತೊಂಬತ್ತು ಜನರನ್ನು ಅಲ್ಲಿಗೆ ಕಳಿಸಿದ್ದರು. ಗಾಡಿ ಎಳೆಯುವ ಯಂತ್ರ ರಿಪೇರಿಗೆ ಹೋದ ನೋಣಯ್ಯ ಅವರಲ್ಲಿ ಒಬ್ಬ.

ಕಲ್ಕತ್ತದಿಂದ ಐದು ಜನ ವರದಿಗಾರರು ಎರಡು ಕಾರಿನಲ್ಲಿ ಬಂದಿದ್ದರು. ಬಂಗಲೆಯ ಜಗಲಿಯಲ್ಲಿ ಮ್ಯಾನೇಜರ ಹೇಳಿದ್ದನ್ನು ಬರೆದುಕೊಂಡರು. ಫೋಟೋಕ್ಕೆ ಮ್ಯಾನೇಜರ ಗಣಿಯ ಟೋಪಿ ಇಟ್ಟುಕೊಂಡು ನಿಂತರು. ಮ್ಯಾನೇಜರ ಗಣಿಯೊಳಗೆ ಇಳಿದದ್ದು ತೊಟ್ಟಿಲು ಮೊದಲು ನಿಲ್ಲುವ ಕಟ್ಟೆಯವರೆಗೆ ಮಾತ್ರ. ದೀಪದ ಕೋಣೆ ಬಂಗಲೆಯಿಂದ ನಲವತ್ತು ಹೆಜ್ಜೆ. ವರದಿಗಾರರಲ್ಲಿ ಒಬ್ಬ ಬಂದ. ನೀರು ಕೇಳಿದ, ಕುಡಿದ, ಹೋದ.

ಗುರುವಾರ ಬೆಂಕಿ ಹಬ್ಬುತ್ತಿದೆ ಎಂದರು. ಗಾಳಿ ಸಿಗದಂತೆ ಮಾಡದಿದ್ದರೆ ಗಣಿಯೇ ಉಳಿಯುವುದಿಲ್ಲ ಎಂದರು. ಪಿಟ್ಟಿನ ಎರಡು ಬಾಯಿಯನ್ನೂ ಇಟ್ಟಿಗೆ, ಜೇಡಿಮಣ್ಣು ಹಾಕಿ ಮುಚ್ಚಿದರು. ನಾಲ್ಕು ಗಂಟೆಗೆ ಪೈಪಿಗೆ ಗಾಳಿ ಒತ್ತುವ ಯಂತ್ರವನ್ನೂ ನಿಲ್ಲಿಸಿದರು. ಅದರ ಸದ್ದು ಹಗಲೂ ರಾತ್ರಿ ಕೇಳಿ ಅಭ್ಯಾಸ ಆಗಿತ್ತು. ನಿಂತಾಗ ಹೆಂಗಸರೆಲ್ಲ ತಲೆ ಎತ್ತಿ ನೋಡಿದರು.

ಸತ್ತವರು ಒಟ್ಟು ಐವತ್ತೆರಡು ಎಂದು ಕಂಪೆನಿ ಹೇಳಿದೆ. ನನ್ನ ಮೊಳೆಗಳಲ್ಲಿ ಎಪ್ಪತ್ತೊಂದು ಬಿಲ್ಲೆ ಉಂಟು. ೧೧೮ ನೋಣಯ್ಯನದು.

ಇಸಿದೋರ್


ಮಂಗಳೂರು
೧೯ ಫೆಬ್ರವರಿ ೧೯೩೮

ಇಸಿದೋರ್,

ನಿನ್ನ ಕಾಗದ ಬಂದ ದಿನ ಅಮ್ಮ ನೆರೆಯವರಿಗೆಲ್ಲ ಬೆಲ್ಲ ಕಲಸಿದ ಅವಲಕ್ಕಿ ಹಂಚುತ್ತಿದ್ದರು. ಹರಕೆಯಂತೆ. ನನಗೂ ಒಂದು ಹಿಡಿ ಕೊಟ್ಟರು. ನಿನ್ನ ಕಾಗದ ಜೇಬಿನಲ್ಲಿ ಇಟ್ಟುಕೊಂಡು ಅದನ್ನು ತಿಂದೆ.

ಕುಶಲಾಳಿಗೆ ತೋರಿಸಿದೆ. ತೋರಿಸದೆ ಇರುವ ಧೈರ್ಯ ನನಗಿರಲಿಲ್ಲ. ಅವಳು ಓದಿ, ಮಡಚಿ, ಲಕೋಟೆಯೊಳಗೆ ಹಾಕಿ ನನ್ನ ಕೈಗೆ ಕೊಟ್ಟು ಹಟ್ಟಿಗೆ ಹೋದಳು. ದನಕ್ಕೆ ಹುಲ್ಲು ಹಾಕಿ ಬಂದಳು.

"ಅತ್ತೆಗೆ ಈಗ ಹೇಳ್ಬೇಡಿ ಭಾವ. ಆದ್ರೆ ಪೇಪರಿನಲ್ಲಿ ಹಾಕಿದ್ದು ಸುಳ್ಳು ಅಂತ ಹಾಕಿ," ಎಂದಳು.

"ಅಮ್ಮನಿಗೆ ಹೇಳದೆ ಪೇಪರಿನಲ್ಲಿ ಹಾಕುವುದು ಹೇಗೆ?"

"ಅತ್ತೆಗೆ ಓದ್ಲಿಕ್ಕೆ ಬರುದಿಲ್ಲ. ಊರಿಗೆ ಬರ್ತದೆ."

ಬಾಸಿಲ್ ಬಾಬ್ ಒಪ್ಪಲಿಲ್ಲ. "ನಮ್ಮ ಫೈಲಿನಲ್ಲಿ ಕಂಪೆನಿಯ ತಂತಿ ಉಂಟು. ನಿನ್ನ ಹತ್ತಿರ ಎಂತ ಉಂಟು? ಒಬ್ಬ ದೀಪದ ಗುಮಾಸ್ತನ ಕಾಗದ. ನಾಳೆ ಕೋರ್ಟಿಗೆ ಎಳೆದರೆ ಅವನು ಬರ್ತಾನಾ ಮಾರಾಯ?" ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಬೇರೆ ಯಾರ ವಿಷಯವಾಗಿದ್ದರೂ ನಾನೂ ಅದನ್ನೇ ಹೇಳುತ್ತಿದ್ದೆ.

ಹಾಗಾಗಿ ಕೇಳುತ್ತೇನೆ. ಎಪ್ಪತ್ತೊಂದು ಎಂದು ಬರೆದು ಸಹಿ ಹಾಕಿ ಕಳಿಸು. ದೀಪದ ರಿಜಿಸ್ಟರಿನ ಆ ದಿನದ ಪುಟದ ನಕಲು ಕಳಿಸು. ನಿನ್ನ ಹೆಸರು ಹಾಕಿಯೇ ಅಚ್ಚು ಮಾಡುತ್ತೇನೆ. ಮತ್ತೆ ಒಂದು ಹೇಳು. ಆ ಸುಳ್ಳು ತಂತಿ ಕಳಿಸಿದವನು ಯಾರು?

ಮಾಯಿಲಪ್ಪ


ಭೈರೋಡೀಹ್
೨೭ ಫೆಬ್ರವರಿ ೧೯೩೮

ಮಾಯಿಲಪ್ಪ,

ತಂತಿ ಕಳಿಸಿದ್ದು ನಾನೇ.

ನಿನ್ನ ತಂತಿ ಬುಧವಾರ ಸಂಜೆ ಬಂತು. ಅವತ್ತು ಬೆಳಿಗ್ಗೆಯೇ ಪೈಪಿನಲ್ಲಿ ಸದ್ದು ಕೇಳಿತ್ತು. ಆಫೀಸಿನ ಮೇಜಿನ ಮೇಲೆ ಬೇರೆ ಬೇರೆ ಊರಿನ ತಂತಿ ರಾಶಿ ಬಿದ್ದಿತ್ತು. "ಸತ್ತದ್ದು ಖಚಿತ ಆಗದವರೆಲ್ಲ ಸೇಫ್ ಎಂದು ಉತ್ತರ ಕೊಡಿ, ಇಲ್ಲದಿದ್ದರೆ ಅವರೆಲ್ಲ ಇಲ್ಲಿಗೆ ಬಂದು ಗಲಾಟೆ ಮಾಡುತ್ತಾರೆ" ಎಂದು ಮ್ಯಾನೇಜರ ಹೇಳಿದರು. ನಿನ್ನ ಹೆಸರು ನೋಡಿ ಅದನ್ನು ನಾನೇ ಕೇಳಿ ತೆಗೆದುಕೊಂಡೆ. ನಾಳೆ ಹೇಗೂ ಅವರನ್ನು ತೆಗೆಯುತ್ತಾರೆ, ಒಂದು ದಿನ ಮೊದಲೇ ಹೇಳಿದರೆ ನಿನ್ನ ಅಮ್ಮ ಒಂದು ರಾತ್ರಿ ನಿದ್ದೆ ಮಾಡಿಯಾರು ಎಂದು ಅಂದುಕೊಂಡೆ. ಗುರುವಾರ ಬೆಳಿಗ್ಗೆ ತಂತಿ ಹೋಯಿತು. ಸಂಜೆ ಮುಚ್ಚಿದರು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ನೀನು ಕೇಳಿದ ಪುಟ ಈಗ ಇಲ್ಲ. ಶನಿವಾರ, ನಿನಗೆ ಆ ಕಾಗದ ಹಾಕಿ ಬಂದ ಮೇಲೆ, ಮ್ಯಾನೇಜರ ಹೊಸ ರಿಜಿಸ್ಟರ್ ಕೊಟ್ಟು ಸೋಮವಾರದ ಪುಟ ಬೇರೆ ಬರೆ ಎಂದರು. ನಿಷೇಧ ಆದ ಸೆಕ್ಷನ್ನಿನ ಹತ್ತೊಂಬತ್ತು ನಂಬರು ಅದರಲ್ಲಿ ಇರಬಾರದು. ನಾನು ಬರೆದೆ. ನನ್ನ ಅಕ್ಷರ ಚೆಂದ ಉಂಟು ಎಂದು ಶಾಲೆಯಲ್ಲಿ ನೀನೇ ಹೇಳುತ್ತಿದ್ದೆ. ಬಿಲ್ಲೆಗಳನ್ನು ಅವರು ಚೀಲದಲ್ಲಿ ತೆಗೆದುಕೊಂಡು ಹೋದರು.

ಸಹಿ ಹಾಕಿ ಕಳಿಸಲು ಆಗುವುದಿಲ್ಲ. ಹೆಂಡತಿ ಒಲಿಂಡಾ ಏಳು ತಿಂಗಳ ಬಸುರಿ. ಈ ಕ್ವಾರ್ಟರ್ಸ್ ಬಿಟ್ಟರೆ ನಮಗೆ ಮನೆ ಇಲ್ಲ. ಇದು ಕಾರಣವೇ ಹೊರತು ಸಮಜಾಯಿಷಿ ಅಲ್ಲ.

ಉಳಿದ ಹದಿನೆಂಟು ಜನರ ಹೆಂಡಂದಿರಿಗೆ, ನಿಮ್ಮ ಗಂಡಂದಿರು ಹೆದರಿ ಊರಿಗೆ ಓಡಿಹೋಗಿದ್ದಾರೆ ಎಂದು ಗಣಿಗೆ ಕೂಲಿಯವರನ್ನು ಒದಗಿಸುವ ಕಂಟ್ರಾಕ್ಟರ ಹೇಳುತ್ತಿದ್ದಾನೆ. ಕೆಲವರು ಊರಿಗೆ ಹುಡುಕಿಕೊಂಡು ಹೋದರು. ಇಬ್ಬರು ಇನ್ನೂ ಪಿಟ್ಟಿನ ಬಾಯಿಯ ಹತ್ತಿರ ಕೂರುತ್ತಾರೆ. ನಾನು ಈಗ ಆ ದಾರಿಯಲ್ಲಿ ಹೋಗುವುದಿಲ್ಲ.

ನೀನು ಇನ್ನು ಬರೆಯದಿದ್ದರೆ ನನಗೆ ಅರ್ಥವಾಗುತ್ತದೆ.

ಇಸಿದೋರ್


ನಂತೂರು
೧೬ ಮಾರ್ಚ್ ೧೯೩೮

ಇಸಿದೋರಣ್ಣನಿಗೆ ನೋಣಯ್ಯನವರ ಹೆಂಡತಿ ಕುಶಲಾ ಬರೆಯುವುದು.

ಭಾವ ನಿಮಗೆ ಬರೆಯುವುದಿಲ್ಲ. ನಿಮ್ಮ ಕಾಗದ ಓದಿದ ಮೇಲೆ ನಾಲ್ಕು ದಿನ ಪ್ರೆಸ್ಸಿಗೂ ಹೋಗಲಿಲ್ಲ. ವಿಳಾಸ ನಾನು ಲಕೋಟೆಯ ಹಿಂದಿನಿಂದ ತೆಗೆದುಕೊಂಡೆ.

ಕಂಪೆನಿಯಿಂದ ನನ್ನ ಹೆಸರಿಗೆ ಟೈಪು ಮಾಡಿದ ಕಾಗದ ಬಂದಿದೆ. ನಿಮ್ಮ ಗಂಡ ಸ್ಫೋಟದ ದಿನ ಗಣಿಯಿಂದ ಸುರಕ್ಷಿತವಾಗಿ ಹೊರಗೆ ಬಂದಿದ್ದಾನೆ, ಮರುದಿನದಿಂದ ಹೇಳದೆ ಕೇಳದೆ ಕೆಲಸ ಬಿಟ್ಟುಹೋಗಿದ್ದಾನೆ, ಅವನ ವಿಷಯದಲ್ಲಿ ಕಂಪೆನಿಗೆ ಯಾವ ಜವಾಬ್ದಾರಿಯೂ ಇಲ್ಲ ಎಂದು ಉಂಟು. ಸಾಕ್ಷಿಗೆ ಏನು ಕೊಟ್ಟಿದ್ದಾರೆ ಗೊತ್ತಾ? ನಮ್ಮ ಭಾವನ ಪೇಪರು. ಮಂಗಳೂರಿನ ಪತ್ರಿಕೆಯಲ್ಲಿಯೂ ಹಾಗೆಯೇ ವರದಿಯಾಗಿದೆಯಂತೆ.

ಅದನ್ನು ಅತ್ತೆಗೆ ಓದಿ ಹೇಳಬೇಕಾಯಿತು, ಅಂಚೆಯವನು ಅವರ ಎದುರೇ ಕೊಟ್ಟದ್ದರಿಂದ. ಅತ್ತೆಗೆ ಬೇಸರ ಆಗಲಿಲ್ಲ. "ಎಲ್ಲಿಯಾದರೂ ಹೋಗಲಿ. ಯಾರನ್ನಾದರೂ ಕಟ್ಟಿಕೊಳ್ಳಲಿ. ಜೀವ ಉಂಟಲ್ಲ," ಎಂದರು. ಬಾವಿಕಟ್ಟೆಯಲ್ಲಿ ಈಗ ಎಲ್ಲರೂ ಇದನ್ನೇ ಹೇಳುವುದು. ಬಂಗಾಳದ ಹೆಂಗಸರು ಮಾಟ ಮಾಡುತ್ತಾರಂತೆ.

ಬಜಪೆಯಿಂದ ನನ್ನ ಸೋದರಮಾವ ದುಗ್ಗಪ್ಪ ಬಂದಿದ್ದರು. "ಬಿಟ್ಟುಹೋದವನ ಮನೆಯಲ್ಲಿ ನೀನು ಯಾಕೆ ದುಡಿಯುದು? ಬಿಡುಗಡೆ ಮಾಡಿಸ್ತೇನೆ, ನಡಿ. ನಿನಗೆ ಇನ್ನೂ ಇಪ್ಪತ್ತಮೂರು," ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಬಿಡುಗಡೆ ಪಡೆದು ಬೇರೆ ಮದುವೆಯಾಗುವುದು ನಮ್ಮಲ್ಲಿ ಉಂಟು, ತಪ್ಪೂ ಅಲ್ಲ. ಸತ್ತ ಗಂಡನ ಹೆಂಡತಿಯಾಗಿ ನಾನು ಇವತ್ತೇ ಹೊರಟೇನು. ಅವರು ಬಿಟ್ಟುಹೋದರು ಎಂಬ ಸುಳ್ಳಿನಿಂದ ನಾನು ಹೊರಡುವುದಿಲ್ಲ. ಆ ದೋಷವನ್ನು ಅವರ ತಲೆಗೆ ಹಾಕಿ ನಾನು ಯಾವ ಮನೆಯಲ್ಲಿ ಅನ್ನ ಉಣ್ಣಲಿ?

ನೀವು ಎಲ್ಲವನ್ನೂ ಭಾವನಿಗೆ ಬರೆದಿದ್ದೀರಿ. ನನಗೆ ಒಂದೇ ಮಾತು ಬೇಕು. ಆ ಬೆಳಿಗ್ಗೆ ಅವರಿಗೆ ದೀಪ ಕೊಟ್ಟದ್ದು ನಿಮ್ಮ ಕೈಯಿಂದಲೇ ಹೌದಾ? ನೀವು ಕಣ್ಣಾರೆ ನೋಡಿದಿರಾ?

ಕುಶಲಾ


ಭೈರೋಡೀಹ್
೨೪ ಮಾರ್ಚ್ ೧೯೩೮

ತಂಗಿ ಕುಶಲಾ,

ಹೌದು, ನನ್ನ ಕೈಯಿಂದಲೇ ಕೊಟ್ಟೆ. ಆರೂವರೆ ಗಂಟೆಗೆ. ದೀಪದ ಗಾಜು ಮಸುಕಾಗಿದೆ ಎಂದು ಅಂಗಿಯ ತುದಿಯಿಂದ ಒರೆಸಿಕೊಂಡ. "ಬಯ್ಯಗ್ ತೂಕ" ಎಂದ, ಸಂಜೆ ನೋಡುವ ಎಂದು. ತೊಟ್ಟಿಲು ಹತ್ತುವುದನ್ನು ನಾನು ಕಣ್ಣಾರೆ ನೋಡಿದೆ. ಆಮೇಲೆ ಅವನು ಮೇಲೆ ಬರಲಿಲ್ಲ. ಎಲ್ಲಿಗೂ ಹೋಗಲಿಲ್ಲ.

ಇದನ್ನು ಯಾರಿಗೆ ಬೇಕಾದರೂ ತೋರಿಸಬಹುದು. ಈ ಸಲ ಸಹಿ ಹಾಕಿದ್ದೇನೆ.

ಇಸಿದೋರ್ ಸಲ್ಡಾನ್ಹ
ದೀಪದ ಗುಮಾಸ್ತ, ಭೈರೋಡೀಹ್ ಕೋಲಿಯರಿ


ಭೈರೋಡೀಹ್
೨೨ ಜೂನ್ ೧೯೩೮

ಮಾಯಿಲಪ್ಪ,

ನೀನು ಉತ್ತರ ಕೊಡಲಿ, ಬಿಡಲಿ, ಇದನ್ನು ಓದು.

ಬೆಂಕಿ ಆರಿದೆ ಎಂದು ಖಾತ್ರಿಯಾದ ಮೇಲೆ, ಕಳೆದ ಶನಿವಾರ ಪಿಟ್ಟಿನ ಬಾಯಿ ಒಡೆದರು. ಎರಡು ದಿನ ಗಾಳಿ ಹಾಯಿಸಿದರು. ನಿನ್ನೆ ಮಧ್ಯಾಹ್ನ ಜವಾನ ಬಂದು ನನ್ನನ್ನು ಕೆಳಗೆ ಕರೆಯುತ್ತಾರೆ ಎಂದ. ಹತ್ತು ವರ್ಷದಲ್ಲಿ ನಾನು ಒಮ್ಮೆಯೂ ಇಳಿದವನಲ್ಲ. ದೀಪ ಕೊಡುವವನಿಗೆ ದೀಪ ಹಿಡಿದು ನಡೆಯಲು ಬರುವುದಿಲ್ಲ. ಎರಡು ಸಲ ಬಿದ್ದೆ.

ನಿಷೇಧ ಆದ ಸೆಕ್ಷನ್ನಿನ ಕೊನೆಯಲ್ಲಿ ಗಾಳಿಯ ದಾರಿ ತಿರುಗಿಸಲು ಒಂದು ಮರದ ಬಾಗಿಲು ಉಂಟು. ಅದರ ಮುಂದೆ ಪೈಪ್ ಒಡೆದಿತ್ತು. ಅಲ್ಲಿ ಹದಿನಾಲ್ಕು ಜನ ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು. ಅವರನ್ನು ನೋಡಿದೆ. ಅದನ್ನು ನಾನು ಬರೆಯುವುದಿಲ್ಲ. ಉಳಿದ ಐದು ಜನ ಸ್ಫೋಟದಲ್ಲಿಯೇ ಹೋಗಿದ್ದರು.

ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು. ಫಿಟ್ಟರರು ಪೈಪಿಗೆ ಗುರುತು ಹಾಕಲು ಇಟ್ಟುಕೊಳ್ಳುತ್ತಾರಲ್ಲ, ಅದು. ಮ್ಯಾನೇಜರ, ಕೆಳಗಿನ ಕೆಲಸ ನೋಡಿಕೊಳ್ಳುವ ಇಬ್ಬರು ಓವರ್‌ಮನ್ ನಿಂತಿದ್ದರು. "ಇದು ಯಾವ ಭಾಷೆ? ದೇವರ ಮಂತ್ರವೋ?" ಎಂದು ಮ್ಯಾನೇಜರ ಕೇಳಿದರು. ನಾನು ಓದಿದೆ. ಕನ್ನಡದಲ್ಲಿ ಓದಿ, ಸಾಲು ಸಾಲಾಗಿ ಹಿಂದೂಸ್ತಾನಿಯಲ್ಲಿ ಹೇಳಿದೆ. ಕೊನೆಯ ಸಾಲಿಗೆ ಬರುವ ಮೊದಲೇ ಅವರು "ಸಾಕು" ಎಂದರು. ನಾನು ನಿಲ್ಲಿಸಲಿಲ್ಲ. ಆಮೇಲೆ ಜೇಬಿನಲ್ಲಿದ್ದ ಕಾಗದದಲ್ಲಿ ಅವರ ಎದುರೇ ನಕಲು ಮಾಡಿಕೊಂಡೆ. ಯಾಕೋ ಯಾರೂ ತಡೆಯಲಿಲ್ಲ. ಇವತ್ತು ಬೆಳಿಗ್ಗೆ ಆ ಬಾಗಿಲನ್ನು ಕಳಚಿ ಸೌದೆಗೆ ಹಾಕಿದ್ದಾರೆ.

ಅಲ್ಲಿ ಇದ್ದದ್ದು ಇಷ್ಟು:

ಸೋಮವಾರ ೧೦. ಸ್ಫೋಟ. ದಾರಿ ಕುಸಿದಿದೆ. ಪೈಪ್ ಒಡೆದ ಕಡೆ ಗಾಳಿ ಬರುತ್ತದೆ. ೧೪ ಮಂದಿ ಇದ್ದೇವೆ.

ಮಂಗಳವಾರ. ಬಾಬೂಲಾಲನ ಕಾಲು ಕಟ್ಟಿದೆವು.

ಬುಧವಾರ ೧೧. ಪೈಪ್ ಬಡಿದೆವು. ಆಚೆಯಿಂದ ಮೂರು ಸಲ ಬಡಿದರು. ಎಲ್ಲರೂ ಕೇಳಿದರು.

ಗುರುವಾರ ೪. ಪೈಪಿನ ಗಾಳಿ ನಿಂತಿತು.

ಗುರುವಾರ ೬. ಬಡಿಯುತ್ತಿದ್ದೇವೆ.

ಇದರ ಕೆಳಗೆ ಹದಿನಾಲ್ಕು ಹೆಸರು. ಅವರವರ ಊರು ಗೊತ್ತಿದ್ದಲ್ಲಿ ಊರು ಸಹಿತ. ಬುಧನ್ ಮಾಝಿ, ಲಖನ್ ಭುಯಿಯಾ, ಬಾಬೂಲಾಲ್, ಹೀಗೆ. ತನ್ನ ಹೆಸರನ್ನು ಎಲ್ಲರ ಕೊನೆಗೆ ಬರೆದಿದ್ದಾನೆ. ಪೂರ್ತಿ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ.

ವಿಚಾರಣೆಯ ಕೋರ್ಟು ಮುಂದಿನ ವಾರ ಕೂರುತ್ತದೆ. ನಾನು ಸಾಕ್ಷಿಗೆ ಹೋಗುತ್ತೇನೆ. ಪುಟ ಬದಲಿಸಿದ್ದನ್ನೂ ಹೇಳುತ್ತೇನೆ. ಒಲಿಂಡಾಳಿಗೆ ತಿಳಿಸಿದ್ದೇನೆ. ಮಗು ಹುಟ್ಟಿ ಎರಡು ತಿಂಗಳಾಯಿತು, ಹೆಣ್ಣು. "ಹೇಳಿ ಬನ್ನಿ. ಸಾಮಾನು ಕಟ್ಟುತ್ತೇನೆ," ಎಂದಳು ಒಲಿಂಡಾ.

ಇಸಿದೋರ್


ನಂತೂರು
೧ ಜುಲೈ ೧೯೩೮

ಇಸಿದೋರಣ್ಣನಿಗೆ,

ಭಾವ ನಿಮ್ಮ ಕಾಗದವನ್ನು ನನಗೆ ಕೊಟ್ಟು ಗುಡ್ಡೆಯ ಕಡೆ ಹೋದರು. ಕತ್ತಲಾದ ಮೇಲೆ ಬಂದರು. ಅತ್ತೆಗೆ ಇನ್ನೂ ಹೇಳಿಲ್ಲ. ನಾನೇ ಹೇಳಬೇಕು, ಹೇಳುತ್ತೇನೆ.

ಅದಕ್ಕೆ ಮೊದಲು ಒಂದು ಕೇಳಬೇಕು. ಆ ಬಾಗಿಲ ಮೇಲೆ ಬೇರೆ ಏನೂ ಇರಲಿಲ್ಲವಾ? ಒಂದು ಮೂಲೆಯಲ್ಲಿ, ಅಥವಾ ಅರ್ಧ ಅಳಿಸಿಹೋದದ್ದು? ನೀವು ನಕಲು ಮಾಡುವಾಗ ಬಿಟ್ಟುಹೋದದ್ದು? ಇದ್ದರೆ ನಾಚಿಕೆ ಪಡದೆ ಬರೆಯಿರಿ.

ಕುಶಲಾ


ಧನಬಾದ್
೧೦ ಜುಲೈ ೧೯೩೮

ತಂಗಿ,

ಇರಲಿಲ್ಲ. ಬಾಗಿಲಿನ ಎರಡೂ ಬದಿ ನೋಡಿದೆ. ಗೋಡೆಯನ್ನೂ ದೀಪ ಹಿಡಿದು ನೋಡಿದೆ. ಸೀಮೆಸುಣ್ಣದ ಚೂರು ಅಲ್ಲಿಯೇ ಬಿದ್ದಿತ್ತು, ಕಡಲೆ ಬೀಜದಷ್ಟು. ನಿನಗೆ ಏನಾದರೂ ಸೇರಿಸಿ ಬರೆಯಬೇಕು ಎಂದು ಮನಸ್ಸಾಯಿತು. ಮೂರು ದಿನ ಈ ಕಾಗದ ಹಾಗೆಯೇ ಇಟ್ಟಿದ್ದೆ. ಸುಳ್ಳು ಒಮ್ಮೆ ಕಳಿಸಿ ಆಗಿದೆ.

ಇಲ್ಲಿಯ ವಿಚಾರಣೆ ಕೋರ್ಟಿನಲ್ಲಿ ಎಲ್ಲ ಹೇಳಿದೆ. ಪೈಪಿನ ಸದ್ದು ಕೇಳಿದ ಜಮಾದಾರ, ಅದು ಮರದ ಕಂಬ ಬಿರಿದ ಸದ್ದು ಎಂದ. ನನ್ನನ್ನು ನೋಡದೆ ಹೇಳಿದ. ಬಾಗಿಲು ಎಲ್ಲಿ ಎಂದು ಕೇಳಿದರು. ನನ್ನ ನಕಲನ್ನು ಕೋರ್ಟಿನ ಗುಮಾಸ್ತ ತಲೆಕೆಳಗಾಗಿ ಹಿಡಿದು ನೋಡಿದ. ರಿಜಿಸ್ಟರು ತಿದ್ದಿದ್ದು ತಾನೇ ಎಂದು ಒಪ್ಪಿಕೊಂಡವನ ಮಾತಿಗೆ ಬೆಲೆ ಏನು ಎಂದು ಕಂಪೆನಿಯ ಬ್ಯಾರಿಸ್ಟರು ಕೇಳಿದರು. ಸಾವು ತತ್‌ಕ್ಷಣದ್ದು, ಮುಚ್ಚಿದ್ದು ಅನಿವಾರ್ಯ ಎಂದು ತೀರ್ಮಾನವಾಗಿದೆ. ಹತ್ತೊಂಬತ್ತು ಜನ ಅಪ್ಪಣೆ ಇಲ್ಲದೆ ತಾವಾಗಿ ಆ ಸೆಕ್ಷನ್ನಿಗೆ ಹೋದವರಂತೆ. ಕಲ್ಕತ್ತದ ಪತ್ರಿಕೆಗಳು ಅದನ್ನು ಹಾಗೆಯೇ ಹಾಕಿವೆ. ಒಂದರಲ್ಲಿ ಮ್ಯಾನೇಜರರ ಅದೇ ಹಳೆಯ ಫೋಟೋ.

ಆದರೆ ಸತ್ತರು ಎಂದು ಒಪ್ಪಿದ್ದಾರೆ. ಎಪ್ಪತ್ತೊಂದು ಎಂದು ಈಗ ಸರಕಾರದ ಕಾಗದದಲ್ಲಿ ಉಂಟು. ನೋಣಯ್ಯ ನಿನ್ನನ್ನು ಬಿಟ್ಟುಹೋದವನಲ್ಲ ಎಂಬುದಕ್ಕೆ ಅಷ್ಟು ಸಾಕಾಗಬಹುದು.

ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ಒಲಿಂಡಾಳ ಅಕ್ಕನ ಮನೆಗೆ ಬೊಂಬಾಯಿಗೆ ಹೋಗುತ್ತಿದ್ದೇವೆ. ವಿಳಾಸ ಕೆಳಗೆ ಬರೆದಿದ್ದೇನೆ.

ಇಸಿದೋರ್


ನಂತೂರು
೩೧ ಜುಲೈ ೧೯೩೮

ಇಸಿದೋರಣ್ಣನಿಗೆ,

ಇದರೊಟ್ಟಿಗೆ ಭಾವನ ಪೇಪರು ಇಟ್ಟಿದ್ದೇನೆ. ಮೂರನೆಯ ಪುಟ ನೋಡಿ.

ಭಾವ ಬಾಸಿಲ್ ಬಾಬರ ಹತ್ತಿರ ಹೋಗಿ, ಇದನ್ನು ಹಾಕದಿದ್ದರೆ ನಾನು ನಾಳೆಯಿಂದ ಬರುವುದಿಲ್ಲ ಎಂದರಂತೆ. ಅವರು ನಿಮ್ಮ ನಕಲನ್ನು ತುಂಬಾ ಹೊತ್ತು ಓದಿದರಂತೆ. "ಕಂಪೆನಿ ಕೊಂದಿತು ಅಂತ ನೀನು ಬರೆದರೆ ನಾಳೆ ನೋಟೀಸು ಬರ್ತದೆ. ಇದರಲ್ಲಿ ಇರುವುದನ್ನು ಮಾತ್ರ ಹಾಕು. ಹೆಸರು ಹಾಕು, ವಾರ ಹಾಕು, ಗಂಟೆ ಹಾಕು. ಮುಚ್ಚಿದ ಗಂಟೆ ಕಂಪೆನಿಯೇ ಕೊಟ್ಟ ಹೇಳಿಕೆಯಲ್ಲಿ ಉಂಟು, ಅದನ್ನು ಪಕ್ಕದಲ್ಲಿ ಹಾಕು. ನಿನ್ನ ಅಭಿಪ್ರಾಯ ಒಂದು ಅಕ್ಷರ ಬೇಡ," ಎಂದರಂತೆ. ಹಾಗೆಯೇ ಹಾಕಿದ್ದಾರೆ. ಮೇಲೆ ಎರಡು ಸಾಲು ಭಾವ ಬರೆದದ್ದು: ಫೆಬ್ರವರಿಯಲ್ಲಿ ಈ ಪತ್ರಿಕೆ ಕೊಟ್ಟ ಸುದ್ದಿ ಸುಳ್ಳು, ಅದನ್ನು ಬರೆದವನು ಸತ್ತವನ ಅಣ್ಣ ಎಂದು.

ಬೇರೆ ಯಾವ ಪೇಪರಿನಲ್ಲಿಯೂ ಅವರೊಟ್ಟಿಗೆ ಇದ್ದ ಹದಿಮೂರು ಜನರ ಹೆಸರು ಬರಲಿಲ್ಲ ಎಂದು ಭಾವ ಹೇಳಿದರು. ಅವರ ಮ‌ನೆಯವರಿಗೆ ಕನ್ನಡ ಬರುವುದಿಲ್ಲ. ಇಲ್ಲಿ ಓದುವವರಿಗೆ ಅವರು ಯಾರೂ ಅಲ್ಲ. ಹಂಪನಕಟ್ಟೆಯ ಹೋಟೆಲಿನಲ್ಲಿ ಒಬ್ಬ ಗಟ್ಟಿಯಾಗಿ ಓದುತ್ತಿದ್ದವನು ಹೆಸರುಗಳು ಬಂದಾಗ ಬಿಟ್ಟು ಮುಂದಿನ ಸುದ್ದಿಗೆ ಹೋದನಂತೆ. ಭಾವ ಅಲ್ಲಿಯೇ ಚಾ ಕುಡಿಯುತ್ತಿದ್ದರು.

ಅತ್ತೆಗೆ ನಾನು ಹೇಳಿದೆ. ಒಲೆಯ ಮುಂದೆ ಕೂತು ಹೇಳಿದೆ. ಅತ್ತೆ ಅತ್ತರು. ಆಮೇಲೆ, "ಎಷ್ಟು ದಿನದಿಂದ ನಿನಗೆ ಗೊತ್ತುಂಟು?" ಎಂದು ಕೇಳಿದರು. ಫೆಬ್ರವರಿಯಿಂದ ಎಂದೆ. "ಒಬ್ಬಳೇ ಇಟ್ಟುಕೊಂಡಿದ್ದೆಯಾ" ಎಂದು ನನ್ನ ತಲೆಯ ಮೇಲೆ ಕೈ ಇಟ್ಟರು. ಐದು ತಿಂಗಳಲ್ಲಿ ನಾನು ಅಳಲಿಲ್ಲ, ಆಗ ಅತ್ತುಬಿಟ್ಟೆ.

ಈಗ ಆಟಿ ತಿಂಗಳು. ನಮ್ಮಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವ ಕ್ರಮ ಉಂಟು, ಅಗೆಲು ಎನ್ನುತ್ತಾರೆ. ಬಡಿಸಿ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರಬೇಕು, ಅವರು ಬಂದು ಉಂಡು ಹೋಗುವವರೆಗೆ. ನಿನ್ನೆ ಮಾಡಿದೆವು. ನಾನು ಒಂದು ಎಲೆ ಹಾಕಲು ಹೋದೆ. ಅತ್ತೆ, "ಅವನೊಟ್ಟಿಗೆ ಕೂತವರಿಗೆ ಯಾರು ಹಾಕ್ತಾರೆ?" ಎಂದರು. ಹದಿನಾಲ್ಕು ಎಲೆ ಹಾಕಿದೆವು. ಒಳಕೋಣೆಯಲ್ಲಿ ಜಾಗ ಸಾಲದೆ ಚಾವಡಿಯವರೆಗೆ ಬಂತು. ಕೋಳಿ ಒಂದೇ ಇದ್ದದ್ದು, ಎಲ್ಲರಿಗೂ ಸ್ವಲ್ಪ ಸ್ವಲ್ಪ. ಅವರಲ್ಲಿ ಯಾರು ಏನು ಉಣ್ಣುವವರೋ ನಮಗೆ ಗೊತ್ತಿಲ್ಲ. ನಾನು ಪೇಪರು ನೋಡಿ ಒಂದೊಂದೇ ಹೆಸರು ಕರೆದೆ. ಅತ್ತೆ ನನ್ನ ಹಿಂದೆ ಹೇಳಿದರು, ತುಳುವಿನಲ್ಲಿ ಕರೆದ ಹಾಗೆ, ಬತ್ತ್‌ದ್ ಉಣ್ಲೆ ಎಂದು, ಬಂದು ಉಣ್ಣಿ ಎಂದು.

ಭಾವ ಬಾಗಿಲು ಮುಚ್ಚಲು ಹೋದಾಗ ಅತ್ತೆ ಬಿಡಲಿಲ್ಲ. "ಅವರಿಗೆ ಮುಚ್ಚಿದ್ದು ಸಾಕು," ಎಂದರು. ಕ್ರಮ ತಪ್ಪುತ್ತದೆ ಎಂದು ದುಗ್ಗಪ್ಪ ಮಾವ ಹೇಳಿ ನೋಡಿದರು. ಬಾಗಿಲು ತೆರೆದೇ ಇಟ್ಟು ನಾವು ಅಂಗಳದಲ್ಲಿ ನಿಂತೆವು. ಮಳೆ ಸ್ವಲ್ಪ ಬಿಟ್ಟಿತ್ತು.

ಮುಂದಿನ ತಿಂಗಳು ಮಾವನೊಟ್ಟಿಗೆ ಬಜಪೆಗೆ ಹೋಗುತ್ತೇನೆ. ಅತ್ತೆಯೇ ಹೋಗು ಎಂದರು.

ನಂತೂರಿಗೆ ಬನ್ನಿ ಎಂದು ನಿಮಗೆ ನಾನು ಬರೆಯುವುದಿಲ್ಲ. ಬರಬೇಡಿ ಎಂದೂ ಬರೆಯುವುದಿಲ್ಲ. ಭಾವ ನಿಮ್ಮ ಹೆಸರು ಎತ್ತುವುದಿಲ್ಲ, ಆದರೆ ಈ ಪೇಪರು ಕಳಿಸು ಎಂದು ಲಕೋಟೆಗೆ ಅಂಚೆಚೀಟಿ ಅಂಟಿಸಿಕೊಟ್ಟವರು ಅವರೇ.

ಒಂದು ಕೇಳುವುದುಂಟು. ಪಟ್ಟಿಯಲ್ಲಿ ಒಂಬತ್ತನೆಯ ಹೆಸರು ನಿಮ್ಮ ಹಾಳೆಯಲ್ಲಿ ಮಡಿಕೆಗೆ ಬಂದು ಅಳಿಸಿದ ಹಾಗಿತ್ತು. ಪೇಪರಿನಲ್ಲಿ ಸೋಮಾ ಎಂದು ಹಾಕಿದ್ದಾರೆ. ನಾನು ಸೋಮ್ರಾ ಎಂದು ಕರೆದೆ. ಸರಿ ಯಾವುದು? ನಿಮಗೆ ನೆನಪಿದ್ದರೆ ಬೇಗ ಬರೆಯಿರಿ. ತಪ್ಪಾಗಿದ್ದರೆ ಬರುವ ವಾರ ತಿದ್ದುಪಡಿ ಹಾಕುತ್ತಾರಂತೆ.

ಕುಶಲಾ